ನೀಟ್ ರ‍್ಯಾಂಕ್ ಬಂದ ಮೇಲೆ: ನಾಲ್ಕು ಮೆಡಿಕಲ್ ಕಾಲೇಜು, ಒಂದು ಆಪ್ಷನ್ ಪಟ್ಟಿ

ಹೊನ್ನಾಳಿ ತಾಲ್ಲೂಕಿನ ಒಂದು ಹಳ್ಳಿಯ ವಿದ್ಯಾರ್ಥಿನಿ. ಒಂದರಿಂದ ಹತ್ತರವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮ, ಪಿಯುಸಿ ದಾವಣಗೆರೆಯಲ್ಲಿ. ಪ್ರವರ್ಗ 2ಎ. ಮನೆಗೆ ನಾಲೆ ನೀರಿನ ಎರಡೂವರೆ ಎಕರೆ ಗದ್ದೆ, ಒಂದೆಕರೆ ಅಡಿಕೆ ತೋಟ. ಎರಡನೇ ಪ್ರಯತ್ನದಲ್ಲಿ ನೀಟ್‌ನಲ್ಲಿ ಒಳ್ಳೆಯ ಅಂಕ ಬಂದಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಎಲ್ಲರ ಬಾಯಲ್ಲಿರುವ ಕೆಇಎ, ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವ ಪಟ್ಟಿ, ತೆರೆಯಲು ಸುಮಾರು ಮೂರು ವಾರ ಇದೆ. ಮನೆಯವರ ಮುಂದಿರುವುದು ನಾಲ್ಕು ಕಾಲೇಜು. ಯಾವುದನ್ನು ಮೇಲೆ ಬರೆಯಬೇಕು, ಯಾವುದನ್ನು ಕೆಳಗೆ, ಯಾವುದನ್ನು ಬರೆಯಲೇಬಾರದು?

ಈ ವಿದ್ಯಾರ್ಥಿನಿ, ಈ ನಾಲ್ಕು ಕಾಲೇಜು, ಅವುಗಳ ಎಣಿಕೆಗಳು ಲೆಕ್ಕದ ದಾರಿ ತೋರಿಸಲು ನಾವೇ ಕಟ್ಟಿದ ಮಾದರಿ. ನಿಯಮ, ಶುಲ್ಕದ ಮಟ್ಟ, ಕೌನ್ಸೆಲಿಂಗ್ ಕ್ರಮ ಇದ್ದದ್ದು ಇದ್ದ ಹಾಗೆ.

ನಾಲ್ಕಕ್ಕೂ ಹೆಸರಿನ ಬದಲು ಅಕ್ಷರ ಇಟ್ಟಿದ್ದೇವೆ. ‘ಅ’ ಕಾಲೇಜು: ದೊಡ್ಡ ಊರಿನ ಹಳೆಯ ಸರ್ಕಾರಿ ಕಾಲೇಜು, 250 ಸೀಟು, ರಾತ್ರಿ ಬಸ್ಸಿನ ದೂರ. ‘ಆ’ ಕಾಲೇಜು: ಶುರುವಾಗಿ ಹತ್ತು ವರ್ಷ ತುಂಬದ ಜಿಲ್ಲಾ ಸರ್ಕಾರಿ ಕಾಲೇಜು, 150 ಸೀಟು, ಮನೆಯಿಂದ ಎರಡೂವರೆ ಗಂಟೆ. ‘ಇ’ ಕಾಲೇಜು: ಖಾಸಗಿ, 150 ಸೀಟು, ಅದರಲ್ಲಿ ಸರ್ಕಾರಿ ಕೋಟಾದ ಸೀಟು ಸಿಗಬಹುದು. ‘ಈ’ ಕಾಲೇಜು: ಡೀಮ್ಡ್ ವಿಶ್ವವಿದ್ಯಾಲಯ. ಅದರ ಹೆಸರು ಹೇಳಿಕೊಂಡು ಏಜೆಂಟ್ ಒಬ್ಬ ಫಲಿತಾಂಶದ ಮರುದಿನವೇ ಫೋನ್ ಮಾಡಿದ್ದಾನೆ.

ಮನೆಯಲ್ಲಿ ಎರಡು ಅಭಿಪ್ರಾಯ. ಅಪ್ಪನದು "ಗೌರ್ಮೆಂಟ್ ಸೀಟು ಅಂದ್ರೆ ಮುಗೀತು, ಇನ್ನೇನು ನೋಡೋದು." ಮಾವ ಹೈಸ್ಕೂಲ್ ಮೇಷ್ಟ್ರು. ಇ ಕಾಲೇಜಿನ ಕ್ಯಾಂಪಸ್ ನೋಡಿ ಬಂದಿದ್ದಾರೆ. ಲೈಬ್ರರಿಗೆ ಎಸಿ ಇದೆ, ಹಾಸ್ಟೆಲ್ ಹೋಟೆಲಿನ ಹಾಗಿದೆ, ಅಲ್ಲಿಗೇ ಸೇರಿಸೋಣ ಎನ್ನುತ್ತಾರೆ. ಇಬ್ಬರೂ ನೋಡದೇ ಬಿಟ್ಟದ್ದು ಒಂದೇ: ಆಸ್ಪತ್ರೆಯ ಹಾಸಿಗೆ.

ಹಾಸಿಗೆಯ ಲೆಕ್ಕ ಏಕೆ ಮೊದಲು

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. ಅದಕ್ಕೆ ಅಂಟಿಕೊಂಡ ಬೆಂಗಳೂರು ಮೆಡಿಕಲ್ ಕಾಲೇಜು ಬಂದದ್ದು 1955ರಲ್ಲಿ. ಮೊದಲು ರೋಗಿಗಳು, ಆಮೇಲೆ ವಿದ್ಯಾರ್ಥಿಗಳು; ಹಳೆಯ ಕಾಲೇಜುಗಳು ಗಟ್ಟಿಯಾಗಿರುವುದಕ್ಕೆ ದೊಡ್ಡ ಕಾರಣ ಈ ಕ್ರಮವೇ. ಎಂಬಿಬಿಎಸ್‌ನ ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯನ್ನು ಒಳ್ಳೆಯ ಪುಸ್ತಕ ಮತ್ತು ಹಟ ಇದ್ದರೆ ಎಲ್ಲಿ ಬೇಕಾದರೂ ಓದಿ ಮುಗಿಸಬಹುದು. ಎರಡನೇ ವರ್ಷದಿಂದ ಬೆಳಗ್ಗೆ ವಾರ್ಡಿಗೆ ಹೋಗಬೇಕು. ಗುಲ್ಮ ಊದಿರುವುದನ್ನು ಬೆರಳಿನ ತುದಿಯಲ್ಲಿ ಗುರುತಿಸುವುದನ್ನು, ನ್ಯುಮೋನಿಯಾದ ಶ್ವಾಸಕೋಶಕ್ಕೆ ಸ್ಟೆತಸ್ಕೋಪ್ ಇಟ್ಟಾಗ ಕೇಳುವ ಸದ್ದನ್ನು, ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವ ಕ್ಷಣದಲ್ಲಿ ಕೈ ಎಲ್ಲಿರಬೇಕೆನ್ನುವುದನ್ನು ಯಾವ ವಿಡಿಯೊ ಕೂಡ ಕಲಿಸಲಾರದು. ಅದನ್ನು ಕಲಿಸುವುದು ಹಾಸಿಗೆಯ ಮೇಲಿರುವ ರೋಗಿ, ಮತ್ತು ಪಕ್ಕದಲ್ಲಿ ನಿಂತು ತಿದ್ದುವ ಹಿರಿಯ ವೈದ್ಯ. ಈ ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ.

ರಾಷ್ಟ್ರೀಯ ವೈದ್ಯಕೀಯ ಆಯೋಗ, ಎನ್‌ಎಂಸಿ, ತನ್ನ 2023ರ ಮಾನದಂಡದಲ್ಲಿ ಇದಕ್ಕೆ ಅಂಕಿ ಕೊಟ್ಟಿದೆ. 100 ಸೀಟಿಗೆ 420 ಹಾಸಿಗೆ, 150 ಸೀಟಿಗೆ 605, 250 ಸೀಟಿಗೆ 900. ಹಾಸಿಗೆ ಇದ್ದರೆ ಸಾಲದು, ವರ್ಷದ ಸರಾಸರಿಯಲ್ಲಿ ಶೇ. 80 ಭರ್ತಿ ಇರಬೇಕು. ಹೊರರೋಗಿಗಳ ಲೆಕ್ಕ ಸೀಟಿಗೆ ದಿನಕ್ಕೆ 8ರಂತೆ, ಅಂದರೆ 150 ಸೀಟಿನ ಕಾಲೇಜಿಗೆ ದಿನಕ್ಕೆ 1,200 ಜನ. ಇದೇ ಕಾಲೇಜಿಗೆ ಕನಿಷ್ಠ 114 ಬೋಧಕರು. ಈ ನಾಲ್ಕೈದು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಜೇಬಿನಲ್ಲಿಟ್ಟುಕೊಂಡರೆ ಸಾಕು. ಪರಿಶೀಲನೆ ಎಂದರೆ ಕಾಲೇಜು ತೋರಿಸುವ ಸಂಖ್ಯೆ ಮತ್ತು ಕಣ್ಣಿಗೆ ಕಾಣುವ ಸಂಖ್ಯೆಯ ನಡುವಿನ ಅಂತರ ಹುಡುಕುವುದು, ಅಷ್ಟೆ.

ಕಾಗದದ ಮೇಲೆ

ಮೊದಲ ವಾರ ಮನೆಯಲ್ಲೇ ಕೂತು ಮಾಡುವ ಕೆಲಸ. ಎನ್‌ಎಂಸಿ ಜಾಲತಾಣದ ಕಾಲೇಜು ಪಟ್ಟಿಯಲ್ಲಿ ಸೀಟಿನ ಸಂಖ್ಯೆ ಮತ್ತು ಆರಂಭವಾದ ವರ್ಷ ನೋಡಬೇಕು. ಹೊಸ ಕಾಲೇಜಾದರೆ ಮೊದಲ ಬ್ಯಾಚ್ ಅಂತಿಮ ಪರೀಕ್ಷೆ ಮುಗಿಸುವವರೆಗೆ ಅನುಮತಿ ವರ್ಷ ವರ್ಷ ನವೀಕರಣವಾಗುತ್ತದೆ. ಪದವಿಯ ಮಾನ್ಯತೆ ಬರುವುದು ಆಮೇಲೆ. ಹಾಗಾಗಿ ಹೊಸ ಕಾಲೇಜಿನ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಮೊದಲ ಬ್ಯಾಚ್ ಈಗ ಎಲ್ಲಿದೆ ಎಂಬುದು. ‘ಆ’ ಕಾಲೇಜಿನ ಮೊದಲ ಬ್ಯಾಚ್ ಇಂಟರ್ನ್‌ಶಿಪ್, ಅಂದರೆ ಅಂತಿಮ ಪರೀಕ್ಷೆಯ ನಂತರ ಆಸ್ಪತ್ರೆಯಲ್ಲಿ ಮಾಡುವ ಒಂದು ವರ್ಷದ ಕೆಲಸ, ಮುಗಿಸಿ ಹೊರಬಿದ್ದಿದೆ, ಮಾನ್ಯತೆಯೂ ಸಿಕ್ಕಿದೆ. ಆ ಚಿಂತೆ ಇಲ್ಲ.

ಎರಡನೆಯದು ಕಾಲೇಜಿನದೇ ಜಾಲತಾಣ. ಬಹಳಷ್ಟು ಕಾಲೇಜುಗಳಲ್ಲಿ ಆಯೋಗಕ್ಕಾಗಿ ಕಡ್ಡಾಯವಾಗಿ ಹಾಕಿದ ಮಾಹಿತಿಯ ಪುಟ ಇರುತ್ತದೆ; ಹೂದೋಟದ ಫೋಟೊಗಳ ಕೆಳಗೆ, ಪುಟದ ತೀರಾ ಅಡಿಯಲ್ಲಿ. ಬೋಧಕರ ಪಟ್ಟಿ, ರೋಗಿಗಳ ಸಂಖ್ಯೆ, ಪರೀಕ್ಷಾ ಫಲಿತಾಂಶ ಅಲ್ಲಿರಬೇಕು. ಬೋಧಕರ ಪಟ್ಟಿ ಎಷ್ಟು ಹಳೆಯದೆಂದು ದಿನಾಂಕ ನೋಡಿ. ನಿವೃತ್ತರಾದವರು, ವರ್ಗವಾಗಿ ಹೋದವರು ಅದರಲ್ಲಿ ಕೂತೇ ಇರುತ್ತಾರೆ. ಕೆಲವು ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದರೆ ಅದೇ ವೈದ್ಯರು ಇನ್ನೊಂದು ಊರಿನ ನರ್ಸಿಂಗ್ ಹೋಮಿನಲ್ಲಿ ದಿನವಿಡೀ ಸಿಗುತ್ತಾರೆ ಎಂದು ಗೊತ್ತಾಗುವುದುಂಟು. 2025ರಿಂದ ಬೋಧಕರ ಹಾಜರಿ ಮುಖ ಗುರುತಿಸುವ ಆ್ಯಪ್‌ನಲ್ಲಿ ದಾಖಲಾಗಬೇಕೆಂಬ ನಿಯಮ ಬಂದ ಮೇಲೆ ಇದು ಕಡಿಮೆಯಾಗಬೇಕು. ಆದರೂ ನೋಡಿಕೊಳ್ಳುವುದು ಒಳ್ಳೆಯದು. ತಪಾಸಣಾ ವರದಿಯೊಂದನ್ನೇ ನಂಬಿ ಕೂರುವ ಹಾಗಿಲ್ಲ. ಮೆಡಿಕಲ್ ಕಾಲೇಜುಗಳ ತಪಾಸಣೆಯಲ್ಲಿ ಲಂಚ ನಡೆದ ಆರೋಪದ ಮೇಲೆ 2025ರಲ್ಲಿ ಸಿಬಿಐ ಪ್ರಕರಣವನ್ನೇ ದಾಖಲಿಸಿದೆ.

ಈ ಹಂತದಲ್ಲಿ ಸಿಕ್ಕ ಲೆಕ್ಕ ಹೀಗಿತ್ತು. ಅ: 1,200 ಹಾಸಿಗೆ, 250 ಸೀಟು, ಸೀಟಿಗೆ 4.8. ಆ: 610 ಹಾಸಿಗೆ, 150 ಸೀಟು, ಸೀಟಿಗೆ ಸುಮಾರು 4.1. ಇ: 750 ಹಾಸಿಗೆ, 150 ಸೀಟು, ಸೀಟಿಗೆ 5. ಕಾಗದದ ಪ್ರಕಾರ ಮಾವ ಹೇಳಿದ್ದೇ ಸರಿ. ಇ ಕಾಲೇಜು ಎಲ್ಲಕ್ಕಿಂತ ಮೇಲೆ.

ಗೇಟಿನ ಹೊರಗಿನಿಂದ ಶುರು

ಆಸ್ಪತ್ರೆ ನೋಡಲು ಹೋಗುವವರು ಒಳಗೆ ಕಾಲಿಡುವ ಮೊದಲು ಗೇಟಿನ ಮುಂದೆ ಹತ್ತು ನಿಮಿಷ ನಿಲ್ಲಬೇಕು. ರೋಗಿಗಳು ನಿಜಕ್ಕೂ ಬಂದು ಅಡ್ಮಿಟ್ ಆಗುವ ಆಸ್ಪತ್ರೆಯ ಮುಂದೆ ಪ್ಲಾಸ್ಟಿಕ್ ಬಕೆಟ್, ಚಾಪೆ, ಫ್ಲಾಸ್ಕ್, ಸ್ಟೀಲ್ ಲೋಟ, ಎಳೆ ಮಗುವಿನ ಉಲ್ಲನ್ ಟೋಪಿ ನೇತುಹಾಕಿದ ಅಂಗಡಿ ಇದ್ದೇ ಇರುತ್ತದೆ. ಗಡಿಬಿಡಿಯಲ್ಲಿ ಬಂದು ಅಡ್ಮಿಟ್ ಆದವರ ಮನೆಯವರಿಗೆ ಮೊದಲು ಬೇಕಾಗುವ ಸಾಮಾನು ಅವು. ಎಳನೀರಿನ ಗಾಡಿ, ಗಂಜಿ-ಇಡ್ಲಿ ಸಿಗುವ ಸಣ್ಣ ಹೋಟೆಲು, ಸಾಲಾಗಿ ನಿಂತ ಆಟೊ. ‘ಆ’ ಕಾಲೇಜಿನ ಗೇಟಿನ ಮುಂದೆ ಇಂಥ ಏಳು ಅಂಗಡಿಗಳಿದ್ದವು. ಇ ಕಾಲೇಜಿನ ಮುಂದೆ ಹೈವೇ, ಒಂದು ಜ್ಯೂಸ್ ಸೆಂಟರ್, ಒಂದು ಜೆರಾಕ್ಸ್ ಅಂಗಡಿ. ಎರಡಕ್ಕೂ ಗಿರಾಕಿಗಳು ವಿದ್ಯಾರ್ಥಿಗಳೇ. ಇದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಊರಿಂದ ದೂರ ಇರುವ ಕ್ಯಾಂಪಸ್ಸಿನಲ್ಲಿ ಅಂಗಡಿಗಳೆಲ್ಲ ಒಳಗೇ ಇರಬಹುದು. ಆದರೆ ಒಳಗೆ ಏನು ಎಣಿಸಬೇಕು ಎನ್ನುವುದು ಇಲ್ಲಿಂದಲೇ ಹೊಳೆಯುತ್ತದೆ.

ಹೊರರೋಗಿಗಳ ಎಣಿಕೆಗೆ ಸುಲಭದ ದಾರಿ ಓಪಿ ಚೀಟಿ. ಅಜ್ಜನ ಬಿಪಿ ತೋರಿಸುವುದು ಹೇಗೂ ಇತ್ತು. ಎರಡೂ ಆಸ್ಪತ್ರೆಯಲ್ಲಿ ಬೇರೆ ಬೇರೆ ಮಂಗಳವಾರ ಅವರನ್ನು ಕರೆದುಕೊಂಡು ಹೋದರು. ಬೆಳಗ್ಗೆ 9.30ಕ್ಕೆ ಮಾಡಿಸಿದ ಚೀಟಿಯ ಮೇಲಿನ ಸಂಖ್ಯೆ ಬರೆದುಕೊಂಡರು. ಮಧ್ಯಾಹ್ನ 12.30ಕ್ಕೆ ಕೌಂಟರಿನ ಹತ್ತಿರ ಕೂತಿದ್ದ ಒಬ್ಬರನ್ನು ಕೇಳಿ ಅವರ ಚೀಟಿಯ ಸಂಖ್ಯೆ ನೋಡಿಕೊಂಡರು. ‘ಆ’ ಕಾಲೇಜಿನಲ್ಲಿ 240ರಿಂದ 905ಕ್ಕೆ ಹೋಗಿತ್ತು. ಇ ಕಾಲೇಜಿನಲ್ಲಿ 64ರಿಂದ 231ಕ್ಕೆ. ಇ ಕಾಲೇಜಿನ ಜಾಲತಾಣದಲ್ಲಿ ಬರೆದಿದ್ದದ್ದು ದಿನಕ್ಕೆ 1,300.

ಇಲ್ಲಿ ಎಡವುವ ಜಾಗಗಳಿವೆ. ಕೆಲವು ಆಸ್ಪತ್ರೆಗಳಲ್ಲಿ ಸಂಖ್ಯೆ ದಿನ ದಿನ ಒಂದರಿಂದ ಶುರುವಾಗುತ್ತದೆ, ಕೆಲವೆಡೆ ವರ್ಷಪೂರ್ತಿ ಓಡುತ್ತದೆ. ಎರಡು ಹೊತ್ತಿನ ವ್ಯತ್ಯಾಸ ತೆಗೆದುಕೊಂಡರೆ ಎರಡೂ ಕಡೆ ಲೆಕ್ಕ ಕೂಡುತ್ತದೆ. ಹಳೆ ಚೀಟಿಯವರಿಗೆ, ಬಸುರಿಯರಿಗೆ, ಮಕ್ಕಳಿಗೆ ಬೇರೆ ಕೌಂಟರ್ ಇದ್ದರೆ ಆ ಸಾಲೂ ಸೇರಬೇಕು. ಹಬ್ಬದ ಮರುದಿನ, ಸಂತೆಯ ದಿನ, ಮಳೆ ಹಿಡಿದ ದಿನ ಹೋದರೆ ಸಂಖ್ಯೆ ತಪ್ಪು ದಾರಿಗೆ ಎಳೆಯುತ್ತದೆ. ಉಚಿತ ಶಿಬಿರದ ಬ್ಯಾನರ್ ಕಟ್ಟಿ ಹಳ್ಳಿಗಳಿಂದ ಬಸ್ಸಿನಲ್ಲಿ ಜನ ತಂದ ದಿನವಾಗಿದ್ದರೆ ಇನ್ನೊಂದು ದಿನ ಬರಬೇಕು.

ಒಳರೋಗಿಗಳ ಎಣಿಕೆ ಇದಕ್ಕಿಂತ ಮುಖ್ಯ. ಸಂಜೆ ಭೇಟಿಯ ವೇಳೆಯಲ್ಲಿ, ಬಾಗಿಲ ಬಳಿ ನಿಂತೇ, ಮೆಡಿಸಿನ್, ಸರ್ಜರಿ, ಹೆರಿಗೆ, ಈ ಮೂರು ಜನರಲ್ ವಾರ್ಡು ನೋಡಿದರೆ ಸಾಕು. ಫೋಟೊ ತೆಗೆಯಬಾರದು, ರೋಗಿಗಳನ್ನು ಕಾಯಿಲೆಯ ಬಗ್ಗೆ ಕೇಳಬಾರದು. ಅವರು ನಮ್ಮ ಮಗಳ ಸೀಟಿಗಾಗಿ ಮಲಗಿದವರಲ್ಲ. ಇ ಕಾಲೇಜಿನಲ್ಲಿ 30 ಹಾಸಿಗೆಯ ಮೂರು ವಾರ್ಡಿನಲ್ಲಿ 12, 11, 13 ಜನ. 90ಕ್ಕೆ 36, ಅಂದರೆ ಶೇ. 40. ಇಡೀ ಆಸ್ಪತ್ರೆಗೆ ಇದೇ ಪ್ರಮಾಣ ಹಿಡಿದರೆ 750ರಲ್ಲಿ 300. ‘ಆ’ ಕಾಲೇಜಿನ ಹಳೆ ಜಿಲ್ಲಾ ಆಸ್ಪತ್ರೆಯ ಕಟ್ಟಡದಲ್ಲಿ 30, 28, 34; ಹೆರಿಗೆ ವಾರ್ಡಿನಲ್ಲಿ ನಾಲ್ವರು ನೆಲದ ಮೇಲೆ ಚಾಪೆಯಲ್ಲಿ. ಆದರೆ ಅಲ್ಲಿ ಇನ್ನೊಂದು ಕಥೆ ಸಿಕ್ಕಿತು. 610ರಲ್ಲಿ 160 ಹಾಸಿಗೆ ಇರುವುದು ಹೊಸ ಬ್ಲಾಕಿನಲ್ಲಿ, ಅದಕ್ಕೆ ಬೀಗ. ಕಿಟಕಿಯಿಂದ ನೋಡಿದರೆ ಮಂಚಗಳ ಮೇಲಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ. ಲಿಫ್ಟ್ ಆಗಿಲ್ಲ, ನರ್ಸ್‌ಗಳ ನೇಮಕ ಆಗಿಲ್ಲ ಎಂದು ಕಾವಲಿನವರು ಹೇಳಿದರು. ಹಾಗಾಗಿ ಅಲ್ಲಿ ಲೆಕ್ಕಕ್ಕೆ ಬರುವುದು 450, ತುಂಬಿರುವುದು ಸುಮಾರು 440. ಅ ಕಾಲೇಜಿಗೆ ಮಾವನೊಬ್ಬರೇ ಹೋಗಿ ಬಂದರು. 1,200ರಲ್ಲಿ 1,150ರಷ್ಟು ಭರ್ತಿ.

ಈಗ ಭಾಗಿಸಿ ನೋಡೋಣ. ಅ: 1,150ನ್ನು 250ರಿಂದ, 4.6. ಆ: 440ನ್ನು 150ರಿಂದ, 2.9. ಇ: 300ನ್ನು 150ರಿಂದ, 2. ಕಾಗದದ ಮೇಲೆ ಮೊದಲಿದ್ದ ಕಾಲೇಜು ಕೊನೆಗೆ ಬಂತು. ಈ ಸಂಖ್ಯೆ ಹೋಲಿಕೆಗೆ ಮಾತ್ರ ಎನ್ನುವುದು ನೆನಪಿರಲಿ. ವಾರ್ಡಿನಲ್ಲಿ ಏಕಕಾಲಕ್ಕೆ ಮೂರು ವರ್ಷದ ಬ್ಯಾಚುಗಳು ಸುತ್ತುತ್ತಿರುತ್ತವೆ, ಜೊತೆಗೆ ನರ್ಸಿಂಗ್ ವಿದ್ಯಾರ್ಥಿಗಳು. ಒಬ್ಬ ವಿದ್ಯಾರ್ಥಿಯ ಪಾಲಿಗೆ ನಿಜವಾಗಿ ಬರುವುದು ಇದಕ್ಕಿಂತ ಕಡಿಮೆ.

ಇ ಕಾಲೇಜಿನ ವಾರ್ಡು ಏಕೆ ಖಾಲಿ? ವೈದ್ಯರು ಕೆಟ್ಟವರೆಂದಲ್ಲ. ಕಾರಣ ಬಿಲ್ಲಿಂಗ್ ಕೌಂಟರಿನ ಗೋಡೆಯ ಮೇಲಿತ್ತು: ಜನರಲ್ ವಾರ್ಡಿಗೂ ದಿನದ ಹಾಸಿಗೆ ಬಾಡಿಗೆ, ಪ್ರತಿ ರಕ್ತಪರೀಕ್ಷೆಗೂ ದರ. ಸುತ್ತಲಿನ ಹಳ್ಳಿಯವರು ಅದನ್ನು ದಾಟಿ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಾರೆ. ಜನರಲ್ ವಾರ್ಡಿನಲ್ಲಿ ಹಾಸಿಗೆ, ಊಟ, ಸಾಮಾನ್ಯ ಔಷಧಿಯನ್ನು ಉಚಿತವಾಗಿ ಕೊಡುವ ಖಾಸಗಿ ಕಾಲೇಜುಗಳೂ ರಾಜ್ಯದಲ್ಲಿವೆ, ಅವುಗಳ ವಾರ್ಡು ತುಂಬಿರುತ್ತದೆ. ಹಾಗಾಗಿ ಖಾಸಗಿ ಕಾಲೇಜನ್ನು ನೋಡುವಾಗ ಕೇಳಬೇಕಾದ ಒಂದೇ ಒಂದು ಪ್ರಶ್ನೆ ಆರಿಸಿ ಅಂದರೆ ನಾವು ಇದನ್ನೇ ಆರಿಸುತ್ತೇವೆ: ಜನರಲ್ ವಾರ್ಡಿನಲ್ಲಿ ಒಂದು ದಿನಕ್ಕೆ ಎಷ್ಟು ಬಿಲ್ ಆಗುತ್ತದೆ? ಇ ಕಾಲೇಜಿನ ಹೃದ್ರೋಗ ವಿಭಾಗದಲ್ಲಿ ಜನ ಇದ್ದರು, ಹೃದಯದ ರಕ್ತನಾಳ ಪರೀಕ್ಷಿಸುವ ಕ್ಯಾತ್ ಲ್ಯಾಬ್ ಓಡುತ್ತಿತ್ತು. ಆದರೆ ಎಂಬಿಬಿಎಸ್ ವಿದ್ಯಾರ್ಥಿ ಅದನ್ನು ಗಾಜಿನ ಆಚೆ ನಿಂತು ನೋಡಬೇಕು. ಅವಳಿಗೆ ಬೇಕಾದದ್ದು ಜ್ವರ, ಕ್ಷಯ, ಕಾಮಾಲೆ, ಹಾವು ಕಡಿತ, ಹೊಲಕ್ಕೆ ಹೊಡೆಯುವ ಔಷಧಿ ಕುಡಿದ ಕೇಸು, ಮುರಿದ ಕೈ, ಸಹಜ ಹೆರಿಗೆ.

ಇಂಟರ್ನ್‌ಗಳ ಹತ್ತಿರ

ಯಾವ ಇಂಟರ್ನ್‌ನನ್ನು ಕೇಳಿದರೂ "ಕಾಲೇಜ್ ಹೇಗಿದೆ?" ಅಂದರೆ "ಚೆನ್ನಾಗಿದೆ" ಎಂಬುದೇ ಉತ್ತರ. ಎಣಿಸಿ ಹೇಳಬೇಕಾದಂಥದ್ದನ್ನು ಕೇಳಬೇಕು. ‘ಆ’ ಕಾಲೇಜಿನ ಕ್ಯಾಂಟೀನಿನಲ್ಲಿ ನಡೆದ ಮಾತು ಹೀಗೆ (ಓಬಿಜಿ ಎಂದರೆ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ, ಪಿಜಿ ಎಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ವೈದ್ಯರು, ಕ್ಲಿನಿಕ್ಸ್ ಎಂದರೆ ವಾರ್ಡಿನಲ್ಲಿ ರೋಗಿಯ ಪಕ್ಕದಲ್ಲಿ ನಡೆಯುವ ಪಾಠ, ಓಟಿ ಎಂದರೆ ಶಸ್ತ್ರಚಿಕಿತ್ಸೆಯ ಕೋಣೆ):

"ಅಕ್ಕಾ, ನೀವೇ ಕೈಯಾರೆ ಮಾಡಿಸಿದ ಹೆರಿಗೆ ಎಷ್ಟು?"

"ಲೇಬರ್ ರೂಮ್ ಪೋಸ್ಟಿಂಗಲ್ಲಿ ಇಪ್ಪತ್ತು ದಾಟಿದೆ ಕಣಮ್ಮ. ಇಲ್ಲಿ ಓಬಿಜಿಯಲ್ಲಿ ಪಿಜಿಗಳು ಇಬ್ಬರೇ, ಅದಕ್ಕೆ ನಮಗೆ ಸಿಗುತ್ತೆ. ಸಿಸ್ಟರ್‌ಗಳೇ ಪಕ್ಕದಲ್ಲಿ ನಿಂತು ಹೇಳಿಕೊಡ್ತಾರೆ."

"ಬೆಳಗ್ಗೆ ಕ್ಲಿನಿಕ್ಸ್ ದಿನಾ ನಡೆಯುತ್ತಾ?"

"ಮೆಡಿಸಿನ್, ಪೀಡಿಯಾಟ್ರಿಕ್ಸ್ ದಿನಾ. ಸರ್ಜರಿ ಯೂನಿಟ್ ನೋಡ್ಕೊಂಡು. ಆರ್ಥೋದಲ್ಲಿ ಸರ್ ಒಬ್ಬರೇ, ಓಟಿ ಇದ್ದ ದಿನ ನಮ್ಮನ್ನ ಬಿಟ್ಟುಬಿಡ್ತಾರೆ. ರೇಡಿಯಾಲಜಿ ಇಲ್ಲ ಅಂದ್ಕೊಂಡುಬಿಡು."

ಎರಡು ನಿಮಿಷದ ಈ ಉತ್ತರ ಜಾಲತಾಣದ ಇಪ್ಪತ್ತು ಪುಟಕ್ಕಿಂತ ಹೆಚ್ಚು ಹೇಳುತ್ತದೆ. ಇನ್ನೂ ಕೇಳಬೇಕಾದವು: ಕೊನೆಯ ಸ್ಟೈಪೆಂಡ್ ಯಾವ ತಿಂಗಳದ್ದು ಬಂತು, ಪೂರ್ತಿ ಬಂತೇ? ಕ್ಲಿನಿಕ್ಸ್ ಬ್ಯಾಚಿನಲ್ಲಿ ಎಷ್ಟು ಜನ? ಅನಾಟಮಿಯಲ್ಲಿ ಒಂದು ಮೇಜಿನ ಸುತ್ತ ಎಷ್ಟು ಜನ, ಕತ್ತರಿ ಹಿಡಿಯುವವರು ಎಷ್ಟು? ರಾತ್ರಿ ಎರಡು ಗಂಟೆಗೆ ಕ್ಯಾಷುಯಾಲಿಟಿಯಲ್ಲಿ ನಿಮಗಿಂತ ಹಿರಿಯರು ಯಾರಿರುತ್ತಾರೆ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಗಮನಿಸಿ. ಹಿರಿಯರಿಲ್ಲದ ಕಡೆ ಕೈಗೆ ಕೆಲಸ ಬಹಳ ಸಿಗುತ್ತದೆ, ಆದರೆ ತಪ್ಪೂ ಅಭ್ಯಾಸವಾಗಿ ಉಳಿಯುತ್ತದೆ.

ಅ ಕಾಲೇಜಿನ ಚಿತ್ರ ಇದಕ್ಕೆ ತಿರುಗುಮುರುಗು. ಪ್ರತಿ ವಿಭಾಗದಲ್ಲೂ ಪಿಜಿಗಳ ದಂಡು. ಕೇಸುಗಳು ಅಪರೂಪದವೂ ಬರುತ್ತವೆ, ಬೆಡ್‌ಸೈಡ್ ಪಾಠಕ್ಕೆ ಹೆಸರಾದ ಪ್ರೊಫೆಸರುಗಳಿದ್ದಾರೆ. ಆದರೆ ಇಂಟರ್ನ್‌ಗಳ ಬಹಳಷ್ಟು ಹೊತ್ತು ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವುದರಲ್ಲಿ, ರಿಪೋರ್ಟ್ ತರುವುದರಲ್ಲಿ ಹೋಗುತ್ತದೆ. ಹೊಲಿಗೆ ಹಾಕಲು ಕೇಳಿ ಕೇಳಿ ಅವಕಾಶ ಪಡೆಯಬೇಕು. ಇಷ್ಟಾದರೂ ಅದನ್ನೇ ಮೇಲಿಡುತ್ತೇವೆ. ಎರಡನೇ ವರ್ಷದಿಂದ ಅಂತಿಮ ವರ್ಷದವರೆಗೆ ಕಲಿಸುವವರಿದ್ದರೆ ಇಂಟರ್ನ್‌ಶಿಪ್‌ನ 12 ತಿಂಗಳಿನ ಕೊರತೆಯನ್ನು ಹಟ ಮಾಡಿ ತುಂಬಿಕೊಳ್ಳಬಹುದು. ಕಲಿಸುವವರೇ ಇಲ್ಲದೆ ಹೋದ ವರ್ಷಗಳನ್ನು ತುಂಬಿಕೊಳ್ಳುವುದು ಕಷ್ಟ.

‘ಆ’ ಕಾಲೇಜಿನ ನಿಜವಾದ ತೊಂದರೆ ಬೋಧಕರದು. ಬೇಕಾದದ್ದು 114, ಜಾಲತಾಣದಲ್ಲಿ 97 ಹೆಸರು, ವಿಭಾಗಗಳ ಬೋರ್ಡು ಮತ್ತು ವಿದ್ಯಾರ್ಥಿಗಳ ಮಾತಿನ ಪ್ರಕಾರ ಕೆಲಸದಲ್ಲಿರುವವರು 85ರ ಸುತ್ತ. ಹೊಸ ಜಿಲ್ಲಾ ಕಾಲೇಜಿಗೆ ಬಂದ ವೈದ್ಯರು ದೊಡ್ಡ ಊರಿಗೆ ವರ್ಗ ಮಾಡಿಸಿಕೊಳ್ಳಲು ನೋಡುತ್ತಾರೆ, ಗುತ್ತಿಗೆಯವರು ಅರ್ಧಕ್ಕೆ ಬಿಡುತ್ತಾರೆ. ಈ ಕೊರತೆ ಯಾವ ವಿಭಾಗದಲ್ಲಿದೆ ಎನ್ನುವುದು ಒಟ್ಟು ಸಂಖ್ಯೆಗಿಂತ ಮುಖ್ಯ. ಮೆಡಿಸಿನ್, ಸರ್ಜರಿ, ಓಬಿಜಿ, ಪೀಡಿಯಾಟ್ರಿಕ್ಸ್, ಪೆಥಾಲಜಿ ಗಟ್ಟಿ ಇದ್ದರೆ ಎಂಬಿಬಿಎಸ್‌ನ ಬೆನ್ನೆಲುಬು ಗಟ್ಟಿ. ಇಲ್ಲಿ ಆ ಐದರಲ್ಲಿ ಸರ್ಜರಿಯೊಂದು ಸಾಧಾರಣ, ಉಳಿದವು ಪರವಾಗಿಲ್ಲ.

ಹಳ್ಳಿಯ ಕನ್ನಡ ಮಾಧ್ಯಮದಿಂದ ಬರುವವಳಿಗೆ ಇನ್ನೊಂದು ವಿಷಯ. ಮೊದಲ ವರ್ಷದ ಪುಸ್ತಕದ ಇಂಗ್ಲಿಷು ಮೂರು ನಾಲ್ಕು ತಿಂಗಳು ತಲೆ ತಿನ್ನುತ್ತದೆ, ಆಮೇಲೆ ಒಗ್ಗುತ್ತದೆ. ವಾರ್ಡಿನಲ್ಲಿ ಅವಳ ಕನ್ನಡವೇ ಅವಳ ಬಲ. "ಎದೆ ಹಿಡ್ದಂಗಾಗುತ್ತೆ", "ಹೊಟ್ಟೆ ತೊಳೆಸ್ತದೆ" ಎಂದು ರೋಗಿ ಹೇಳಿದ್ದು ಯಾವ ತೊಂದರೆ ಎಂದು ಅವಳಿಗೆ ಯಾರೂ ವಿವರಿಸಬೇಕಿಲ್ಲ. ಮೊದಲ ವರ್ಷದ ಪರೀಕ್ಷೆಗೆ ಒಟ್ಟು ನಾಲ್ಕೇ ಪ್ರಯತ್ನ, ಇಡೀ ಕೋರ್ಸ್ ಒಂಬತ್ತು ವರ್ಷದೊಳಗೆ ಮುಗಿಯಬೇಕು. ಅದಕ್ಕೇ ಫೇಲಾದವರಿಗೆ ಮೊದಲ ವರ್ಷದಲ್ಲಿ ಪ್ರತ್ಯೇಕ ಪಾಠ ಮಾಡುವ ರೂಢಿ ಕಾಲೇಜಿನಲ್ಲಿದೆಯೇ ಎಂದು ಎರಡನೇ ವರ್ಷದವರನ್ನು ಕೇಳಿ.

ದುಡ್ಡು

ಸರ್ಕಾರಿ ಕಾಲೇಜಿನಲ್ಲಿ ವರ್ಷದ ಶುಲ್ಕ ಅರವತ್ತು ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಕೋಟಾ ಸೀಟಿಗೆ ಹತ್ತರಿಂದ ಹನ್ನೆರಡು ಲಕ್ಷ. ನಾಲ್ಕೂವರೆ ವರ್ಷಕ್ಕೆ ಗುಣಿಸಿದರೆ ಮೊದಲನೆಯದು ಸುಮಾರು 2.7 ಲಕ್ಷ, ಎರಡನೆಯದು 6.75 ಲಕ್ಷ, ಮೂರನೆಯದು 45ರಿಂದ 54 ಲಕ್ಷ.

ಎರಡನೆಯದರಲ್ಲಿ ಜನ ಮೋಸ ಹೋಗುವುದು ಬೋಧನಾ ಶುಲ್ಕದಲ್ಲಲ್ಲ, ಅದರ ಪಕ್ಕದ ಸಾಲಿನಲ್ಲಿ. ಹಾಸ್ಟೆಲ್ ಕಡ್ಡಾಯ, ಊಟ ಕಡ್ಡಾಯ, ಸ್ಕಿಲ್ ಲ್ಯಾಬ್, ಸಮವಸ್ತ್ರ, "ಇತರೆ" ಎಂದು ಸೇರಿಸುತ್ತಾ ಹೋದರೆ ಒಂದೂವರೆ ಲಕ್ಷದ ಸೀಟು ವರ್ಷಕ್ಕೆ ನಾಲ್ಕು ಲಕ್ಷ ಮುಟ್ಟುವುದು ಅಪರೂಪವಲ್ಲ. ಇ ಕಾಲೇಜಿನ ಆಫೀಸಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಡಿ ಎಂದಾಗ "ಅಡ್ಮಿಷನ್ ಆದ ಮೇಲೆ ಕೊಡ್ತೀವಿ" ಎಂದರು. ಅದೂ ಒಂದು ಉತ್ತರವೇ. ಸರ್ಕಾರ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡುವುದನ್ನು 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಡೆಯುತ್ತದೆ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಇಟ್ಟುಕೊಳ್ಳದವರು ದೂರು ಕೊಡಲಾರರು. ಹಿಂದುಳಿದ ವರ್ಗದ ಮಕ್ಕಳಿಗೆ ದೇವರಾಜ ಅರಸು ನಿಗಮದ ಅರಿವು ಸಾಲ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ ಶುಲ್ಕ ಮರುಪಾವತಿ ಇವೆ. ಅವು ಕೈಗೆ ಬರುವಾಗ ತಡವಾಗುತ್ತದೆ, ಹಾಗಾಗಿ ಮೊದಲ ವರ್ಷದ ದುಡ್ಡು ಮನೆಯಲ್ಲೇ ಇರುವ ಹಾಗೆ ನೋಡಿಕೊಳ್ಳಬೇಕು.

‘ಈ’ ಕಾಲೇಜಿನ ಮಾತು ಇಲ್ಲಿಗೇ ಮುಗಿಯುತ್ತದೆ. ಡೀಮ್ಡ್ ಸೀಟುಗಳ ಹಂಚಿಕೆ ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿಯ (ಎಂಸಿಸಿ) ಕೌನ್ಸೆಲಿಂಗ್‌ನಲ್ಲಿ, ಕೊನೆಯ ಸುತ್ತಿನವರೆಗೂ ರ‍್ಯಾಂಕಿನ ಪ್ರಕಾರ. ಏಜೆಂಟ್ "ಬ್ಲಾಕ್" ಮಾಡಿಸಿಕೊಡುವ ಸೀಟು ಎನ್ನುವುದು ಇಲ್ಲವೇ ಇಲ್ಲ. ಅವನು ಮುಂಗಡ ಕೇಳಿದ್ದ. ಅಪ್ಪ ಅಡಿಕೆ ವ್ಯಾಪಾರಿಯ ಹತ್ತಿರ ಮಾತಾಡಿಯೂ ಇದ್ದರು. ಕೊಡಲಿಲ್ಲ.

ಆಪ್ಷನ್ ಪಟ್ಟಿ

ಕೆಇಎ ಹಿಂದಿನ ವರ್ಷದ ಕಟಾಫ್ ರ‍್ಯಾಂಕುಗಳನ್ನು ಸುತ್ತುವಾರು, ಪ್ರವರ್ಗವಾರು ಹಾಕುತ್ತದೆ. 2ಎಜಿ ಸಾಮಾನ್ಯ, 2ಎಆರ್ ಗ್ರಾಮೀಣ, 2ಎಕೆ ಕನ್ನಡ ಮಾಧ್ಯಮ. ಈ ವಿದ್ಯಾರ್ಥಿನಿಗೆ ಮೂರೂ ಕಾಲಂ ಅನ್ವಯಿಸುತ್ತವೆ, ಜೊತೆಗೆ ಸಾಮಾನ್ಯ ಅರ್ಹತೆಯ ಜಿಎಂ ಸಾಲುಗಳೂ. ಆದರೆ ಹತ್ತು ವರ್ಷಕ್ಕೂ ವ್ಯಾಸಂಗ ಪ್ರಮಾಣಪತ್ರ ನಿಗದಿತ ನಮೂನೆಯಲ್ಲಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಓ) ಮೇಲುಸಹಿಯೊಂದಿಗೆ ಇರಬೇಕು. ಶಾಲೆ ನಡುವೆ ಪಟ್ಟಣ ಪಂಚಾಯಿತಿ ವ್ಯಾಪ್ತಿಗೆ ಸೇರಿಬಿಟ್ಟಿದ್ದರೆ ಗ್ರಾಮೀಣ ಮೀಸಲಾತಿಗೆ ತಕರಾರು ಬರುತ್ತದೆ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ಅವಳು ಜಿಎಂ ಆಗಿ ನಿಲ್ಲುತ್ತಾಳೆ. ಕಾಲೇಜು ನೋಡುವ ಓಡಾಟದಲ್ಲಿ ಈ ಕಾಗದ ಮರೆತವರು ಬಹಳ ಜನ. ಕಟಾಫ್ ಪ್ರಕಾರ ಅ ಕಾಲೇಜು ಅಂಚಿನಲ್ಲಿದೆ, ‘ಆ’ ಮತ್ತು ‘ಇ’ ಬಹುತೇಕ ಖಚಿತ.

ಪಟ್ಟಿ ತುಂಬುವಾಗ ಒಂದು ಅಪಾಯ. ಒಂದೇ ಖಾಸಗಿ ಕಾಲೇಜು ಬೇರೆ ಬೇರೆ ಶುಲ್ಕದೊಂದಿಗೆ ಎರಡು ಮೂರು ಸಲ ಕಾಣುತ್ತದೆ. ಕಾಲೇಜಿನ ಹೆಸರು ಮಾತ್ರ ನೋಡಿ ನಂಬರ್ ಹಾಕಿದವರಿಗೆ ಹನ್ನೆರಡು ಲಕ್ಷದ ಸೀಟು ಬಂದು ಕೂರುತ್ತದೆ. ಶುಲ್ಕದ ಕಾಲಂ ಓದಿ ಆಮೇಲೆ ನಂಬರ್ ಹಾಕಿ, ಮುಗಿಸಿದ ಮೇಲೆ ಪಟ್ಟಿಯನ್ನು ಪ್ರಿಂಟ್ ತೆಗೆದು ಮನೆಯ ಇನ್ನೊಬ್ಬರಿಂದ ಓದಿಸಿ.

ಕೊನೆಗೆ ಬರೆದ ಕ್ರಮ: ಅ, ಅದರ ಮಟ್ಟದ ಇನ್ನೂ ಮೂರು ಹಳೆಯ ಸರ್ಕಾರಿ ಕಾಲೇಜು, ಆಮೇಲೆ ‘ಆ’, ಅದರ ಹಿಂದೆ ದೂರದ ನಾಲ್ಕು ಜಿಲ್ಲಾ ಕಾಲೇಜು, ಕಟ್ಟಕಡೆಗೆ ಇ ಕಾಲೇಜಿನ ಸರ್ಕಾರಿ ಕೋಟಾ. ಮಾವ ಒಂದು ತಕರಾರು ತೆಗೆದರು: ದೂರದ ಜಿಲ್ಲಾ ಕಾಲೇಜುಗಳಿಗಿಂತ ಇ ಮೇಲಿರಲಿ, ಬೋಧಕರಾದರೂ ಪೂರ್ತಿ ಇದ್ದಾರಲ್ಲ. ತೂಕವಿರುವ ಮಾತು. ಆ ನಾಲ್ಕರಲ್ಲಿ ಎರಡರ ಮೊದಲ ಬ್ಯಾಚ್ ಇನ್ನೂ ಅಂತಿಮ ಪರೀಕ್ಷೆ ಬರೆದಿರಲಿಲ್ಲ, ಬೋಧಕರ ಪಟ್ಟಿಯೂ ತೆಳ್ಳಗಿತ್ತು. ಆ ಎರಡನ್ನು ಇ ಕಾಲೇಜಿನ ಕೆಳಗೆ ಇಳಿಸಿದರು. ಶುಲ್ಕದ ವ್ಯತ್ಯಾಸ ಹೊರಲಾರದ ಮನೆಯಾಗಿದ್ದರೆ ಇಳಿಸದಿರುವುದೇ ಸರಿಯಾಗುತ್ತಿತ್ತು.

ಅಣಕು ಹಂಚಿಕೆಯಲ್ಲಿ (ನಿಜವಾದ ಸುತ್ತಿಗೆ ಮೊದಲು ತೋರಿಸುವ ಮಾಕ್ ಅಲಾಟ್‌ಮೆಂಟ್) ‘ಆ’ ಬಂತು. ಮೊದಲ ಸುತ್ತಿನಲ್ಲೂ ‘ಆ’. ಇಲ್ಲಿ ಆರಿಸಿದ್ದು ಚಾಯ್ಸ್ 2: ಶುಲ್ಕ ಕಟ್ಟಿ ಸೀಟು ಉಳಿಸಿಕೊಂಡು, ಮೇಲಿನ ಆಪ್ಷನ್‌ಗಳಿಗೆ ಮಾತ್ರ ಮುಂದಿನ ಸುತ್ತಿನಲ್ಲಿ ನಿಲ್ಲುವುದು. ಮೇಲಿನದು ಸಿಕ್ಕರೆ ಕೈಯಲ್ಲಿರುವುದು ತಾನಾಗಿ ಹೋಗುತ್ತದೆ, ಹಿಂದಕ್ಕೆ ಬರುವ ದಾರಿ ಇಲ್ಲ. ಆದ್ದರಿಂದ ಚಾಯ್ಸ್ 2 ಒತ್ತುವ ಮೊದಲು ಮೇಲೆ ಉಳಿದಿರುವ ಪ್ರತಿಯೊಂದು ಹೆಸರಿಗೂ, ಇದು ನಾಳೆ ಬಂದರೆ ಕೈಯಲ್ಲಿರುವುದನ್ನು ಬಿಟ್ಟು ಹೋಗುತ್ತೇವೆಯೇ ಎಂದು ಕೇಳಿಕೊಳ್ಳಬೇಕು. ಇವರ ಪಟ್ಟಿಯಲ್ಲಿ ಮೇಲಿದ್ದ ನಾಲ್ಕಕ್ಕೂ ಉತ್ತರ ಹೌದು. ಎಚ್ಚರಿಕೆ ಠೇವಣಿ, ಸೀಟು ಬಿಟ್ಟರೆ ದಂಡ, ಕೊನೆಯ ಸುತ್ತುಗಳಿಗೆ ಯಾರು ಅರ್ಹರು ಎಂಬ ಶರತ್ತುಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆ ವರ್ಷದ ಮಾಹಿತಿ ಪುಸ್ತಕವನ್ನೇ ನೋಡಬೇಕು, ಹೋದ ವರ್ಷ ಸೇರಿದವರ ಮಾತನ್ನಲ್ಲ.

ಎರಡನೇ ಸುತ್ತಿನಲ್ಲಿ ಬದಲಾವಣೆ ಆಗಲಿಲ್ಲ, ‘ಆ’ ಕಾಲೇಜೇ ಉಳಿಯಿತು. ಸೇರುವ ದಿನ ಮೂಲ ದಾಖಲೆಗಳನ್ನು ಕಾಲೇಜಿಗೆ ಒಪ್ಪಿಸುವ ಮೊದಲು ಎಲ್ಲದರ ಎರಡು ಸೆಟ್ ಜೆರಾಕ್ಸ್, ಒಂದು ಸ್ಕ್ಯಾನ್ ಇಟ್ಟುಕೊಂಡರು. ವಿದ್ಯಾರ್ಥಿವೇತನಕ್ಕೆ, ಬ್ಯಾಂಕಿಗೆ, ಅರಿವು ಸಾಲಕ್ಕೆ ಅವೇ ಮತ್ತೆ ಬೇಕು. ಹುಡುಗಿಯರ ಹಾಸ್ಟೆಲ್ ಆಸ್ಪತ್ರೆಯಿಂದ ಮೂರು ಕಿಲೋಮೀಟರ್ ದೂರದ ಬಾಡಿಗೆ ಕಟ್ಟಡದಲ್ಲಿದೆ. ಕಾಲೇಜು ಬಸ್ಸು ರಾತ್ರಿ ಎಂಟಕ್ಕೆ ನಿಲ್ಲುತ್ತದೆ ಎಂದು ಹಿರಿಯ ವಿದ್ಯಾರ್ಥಿನಿಯರು ಹೇಳಿದ್ದರಿಂದ, ರಾತ್ರಿ ಡ್ಯೂಟಿಯ ವರ್ಷಗಳಲ್ಲಿ ಆಸ್ಪತ್ರೆಯ ಆವರಣದೊಳಗೆ ಕೋಣೆ ಸಿಗುತ್ತದೆಯೇ ಎಂದು ವಾರ್ಡನ್‌ರನ್ನು ಅದೇ ದಿನ ಕೇಳಿದರು. ಅಂತಿಮ ವರ್ಷದವರಿಗೂ ಇಂಟರ್ನ್‌ಗಳಿಗೂ ಸಿಗುತ್ತದೆ ಎಂದು ಅವರು ರಿಜಿಸ್ಟರ್ ತೆಗೆದು ತೋರಿಸಿದರು.